ಹಿಮ್ಮೇಳದ ದನಿಗೆ ಮೊದಲ ಮೆಟ್ಟಿಲು
ಧ್ವನಿಮುದ್ರಣಕ್ಕೆ ತಕ್ಕ ಪ್ರಿಆಂಪ್ಲಿಫೈಯರನ್ನು ಆರಿಸಿಕೊಳ್ಳುವ ವಿಚಾರ

ಬೈಂದೂರು ತಾಲೂಕಿನ ಬಡಗಣ ಅಂಚಿನಲ್ಲಿ, ಪಡುವಣಕ್ಕೆ ಸಮುದ್ರವನ್ನೂ ಮೂಡಣಕ್ಕೆ ಸಹ್ಯಾದ್ರಿಯ ಸಾಲನ್ನೂ ಇರಿಸಿಕೊಂಡು ನೆಲೆಸಿರುವ ಶಿರೂರು, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಮದರಾಸು, ಮುಂಬಯಿ ಎಂಬ ಎರಡು ಆಡಳಿತಗಳ ನಡುವಣ ಗಡಿಯ ಊರಾಗಿದ್ದಿತು. ತೆಂಕಣಕ್ಕೆ ಹೋದರೆ ಹಾರಾಡಿ, ಮಟಪಾಡಿ ಎಂಬ ಹೆಸರುಗಳಿಂದ ಖ್ಯಾತವಾದ ಬಡಗುತಿಟ್ಟಿನ ಯಕ್ಷಗಾನ ಪರಂಪರೆಗಳು. ಬಡಗಣಕ್ಕೆ ಹೋದರೆ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಪರಂಪರೆ. ಎರಡು ಕಡೆಯ ಪದ್ಯಗಳೂ ಚೆಂಡೆಯ ಪೆಟ್ಟುಗಳೂ ಕಿವಿಗೆ ಬೀಳುವ ಈ ಸೀಮೆಯಲ್ಲಿ, ಭಾಗವತರ ಕಂಠವನ್ನೂ ಅರ್ಥಧಾರಿಗಳ ಮಾತನ್ನೂ ಮುಂದಿನವರಿಗಾಗಿ ಕಾಪಿಡಬೇಕೆಂಬ ಹಂಬಲವುಳ್ಳ ತರುಣರಿಗೆ ಇಂದು ಒಂದು ಕಂಪ್ಯೂಟರು, ಎರಡು ಮೈಕು, ಮನೆಯ ಒಂದು ಕೋಣೆ ಇಷ್ಟು ದೊರೆತರೆ ಸ್ಟುಡಿಯೊ ಸಿದ್ಧವಾದಂತೆಯೇ ತೋರುತ್ತದೆ. ಯಾವ ಮೈಕು ಕೊಳ್ಳಬೇಕೆಂದು ಅವರೆಲ್ಲರೂ ವಿಚಾರಿಸುತ್ತಾರೆ. ಆ ಮೈಕಿನ ಬೆನ್ನಿಗಿರುವ ಪ್ರಿಆಂಪ್ಲಿಫೈಯರು ಎಂಥದಿರಬೇಕೆಂದು ಕೇಳುವವರು ವಿರಳ. ಮುದ್ರಣದ ಭಾಗ್ಯವಾದರೋ ಬಹುಮಟ್ಟಿಗೆ ನಿರ್ಣಯವಾಗುವುದು ಆ ಮೊದಲ ಮೆಟ್ಟಿಲಿನಲ್ಲಿಯೇ.

ಕ್ಷೀಣವಾದ ವಿದ್ಯುತ್ತು

ಮೈಕು ಧ್ವನಿಯನ್ನು ವಿದ್ಯುತ್ತನ್ನಾಗಿ ಮಾರ್ಪಡಿಸುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆ ವಿದ್ಯುತ್ತು ಎಷ್ಟು ಕ್ಷೀಣವಾದುದೆಂಬುದು ಅಷ್ಟಾಗಿ ತಿಳಿದಿರುವುದಿಲ್ಲ. ನಮ್ಮ ಸಭೆಗಳಲ್ಲಿಯೂ ರಂಗಸ್ಥಳಗಳಲ್ಲಿಯೂ ಕಾಣುವ ಶೂರ್ ಎಸ್‌ಎಂ58 ಎಂಬ ಡೈನಮಿಕ್ ಮೈಕಿನ ಮುಂದೆ 94 ಡೆಸಿಬೆಲ್ಲಿನಷ್ಟು ಗಟ್ಟಿಯಾಗಿ ಹಾಡಿದಾಗ ಅದರಿಂದ ಹೊರಡುವುದು ಸುಮಾರು 1.8 ಮಿಲಿವೋಲ್ಟು ಮಾತ್ರ. ಸ್ಟುಡಿಯೊ ಯಂತ್ರಗಳು ಪರಸ್ಪರ ವ್ಯವಹರಿಸುವ ಮಟ್ಟವೋ 1.23 ವೋಲ್ಟು. ಈ ಅಂತರವನ್ನು ದಾಟಿಸಬೇಕಾದರೆ ಬಂದುದನ್ನು ಆರುನೂರು ಪಟ್ಟಿಗೂ ಮಿಗಿಲಾಗಿ, ಎಂದರೆ ಸುಮಾರು 56 ಡೆಸಿಬೆಲ್ಲಿನಷ್ಟು, ವರ್ಧಿಸಬೇಕಾಗುತ್ತದೆ. ಆ ಕೆಲಸವನ್ನು ಮಾಡುವುದೇ ಪ್ರಿಆಂಪ್ಲಿಫೈಯರು, ಚಿಕ್ಕದಾಗಿ ಪ್ರಿಆಂಪ್. ಅದೇ ಮೈಕಿನೆದುರು ತಾಳಮದ್ದಳೆಯ ಅರ್ಥಧಾರಿಯು ಶೋಕದ ಸಂದರ್ಭದಲ್ಲಿ ದನಿಯನ್ನು 70 ಡೆಸಿಬೆಲ್ಲಿಗೆ ಇಳಿಸಿದನೆಂದರೆ, ಹೊರಡುವ ವಿದ್ಯುತ್ತು ಮೊದಲಿನದರ ಹದಿನಾರನೆಯ ಒಂದು ಪಾಲಾಗುತ್ತದೆ. ಇದಕ್ಕೆ ಪ್ರತಿಯಾಗಿ, ಒಳ್ಳೆಯ ಕಂಡೆನ್ಸರ್ ಮೈಕೊಂದು 94 ಡೆಸಿಬೆಲ್ಲಿಗೆ 20 ಮಿಲಿವೋಲ್ಟಿನ ಆಸುಪಾಸಿನಲ್ಲಿ ಕೊಡುವುದರಿಂದ ಅದಕ್ಕೆ 36 ಡೆಸಿಬೆಲ್ಲಿನ ವರ್ಧನೆಯೇ ಸಾಕು.

ಆದುದರಿಂದ ಪ್ರಿಆಂಪನ್ನು ಆರಿಸಹೊರಟವನು ಮೊದಲು ನೋಡಬೇಕಾದುದು ಅಂಗಡಿಯ ಕಪಾಟನ್ನಲ್ಲ, ತನ್ನಲ್ಲಿರುವ ಮೈಕನ್ನು. ಕಂಡೆನ್ಸರ್ ಮೈಕು ಇರುವವನಿಗೆ ಫೋಕಸ್‌ರೈಟ್ ಮೊದಲಾದ ಸಂಸ್ಥೆಗಳ ಸಾಮಾನ್ಯ ಆಡಿಯೊ ಇಂಟರ್‌ಫೇಸಿನೊಳಗಿನ ಪ್ರಿಆಂಪೇ ಬಹುಪಾಲು ಕೆಲಸಗಳಿಗೆ ಸಾಕಾಗುತ್ತದೆ. ಡೈನಮಿಕ್ ಅಥವಾ ರಿಬ್ಬನ್ ಮೈಕಿನಿಂದ ಮೆಲುದನಿಯನ್ನು ಹಿಡಿಯಬೇಕೆನ್ನುವವನಿಗೆ 60 ಡೆಸಿಬೆಲ್ಲಿಗೂ ಹೆಚ್ಚಿನ ನಿರ್ಮಲವಾದ ವರ್ಧನೆಯುಳ್ಳ ಉಪಕರಣ ಬೇಕೇ ಬೇಕು.

ತುತೂರಿಯಿಂದ ಮೈಕಿಗೆ

ವರ್ಧನೆಯೆಂಬುದು ಇಲ್ಲದಿದ್ದ ಕಾಲದಲ್ಲಿ ಹಾಡುಗಾರರ ಪಾಡು ಹೇಗಿತ್ತೆಂಬುದನ್ನು ನೆನೆದರೆ ಈ ಪುಟ್ಟ ಉಪಕರಣದ ಉಪಕಾರವು ಮನದಟ್ಟಾಗುತ್ತದೆ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಯಲ್ಲಿ ಗೌಹರ್ ಜಾನರ ಗಾಯನವನ್ನು ಮುದ್ರಿಸಿದಾಗ ಅಲ್ಲಿ ಮೈಕೂ ಇರಲಿಲ್ಲ, ವರ್ಧಕವೂ ಇರಲಿಲ್ಲ. ಲೋಹದ ತುತೂರಿಯ ಬಾಯಿಗೆ ಮುಖವಿಟ್ಟು ಹಾಡಿದ ದನಿಯ ಬಲದಿಂದಲೇ ಸೂಜಿಯು ಮೇಣದ ಮೇಲೆ ಗೆರೆ ಕೊರೆಯಬೇಕಾಗಿತ್ತು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆ ಮಹಾಗಾಯಕಿಯ ಮೊದಮೊದಲ ತಟ್ಟೆಗಳಲ್ಲಿ ಕಂಠದ ಕಸುವು ಕೇಳಿಸುವಂತೆ ಮೆಲುಸ್ವರದ ಸೂಕ್ಷ್ಮಗಳು ಕೇಳಿಸದೆ ಇರುವುದಕ್ಕೆ ಈ ಯಂತ್ರದ ದಾರಿದ್ರ್ಯವೂ ಕಾರಣ. 1916ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಕಂಡೆನ್ಸರ್ ಮೈಕು ರೂಪುಗೊಂಡಿತು. ನಿರ್ವಾತ ಕೊಳವೆಯ ವರ್ಧಕವು ಅದಕ್ಕೆ ಜೊತೆಯಾಯಿತು. 1925ರ ಹೊತ್ತಿಗೆ ವಿದ್ಯುತ್ ಧ್ವನಿಮುದ್ರಣವು ಬಳಕೆಗೆ ಬಂದು, ಪಿಸುಮಾತಿಗೂ ತಟ್ಟೆಯ ಮೇಲೆ ಸ್ಥಳ ದೊರೆಯಿತು.

ನಮ್ಮ ನಾಡಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಕೇವಲ 30 ವಾಟಿನ ಪ್ರೇಷಕದ ಮೂಲಕ ಬಾನುಲಿಯನ್ನು ಆರಂಭಿಸಿದಾಗ ಈ ವಿದ್ಯೆಯು ಕನ್ನಡದ ಸೇವೆಗೂ ಒದಗಿತು. 1976ರಲ್ಲಿ ಮಂಗಳೂರು ಆಕಾಶವಾಣಿಯು ತೆರೆದ ಮೇಲೆ ತಾಳಮದ್ದಳೆಯೂ ಯಕ್ಷಗಾನವೂ ಕರಾವಳಿಯ ಮನೆಮನೆಗಳ ರೇಡಿಯೊದೊಳಕ್ಕೆ ಬಂದವು. ಇಂದು ಬಹುಪಾಲು ಪ್ರಿಆಂಪುಗಳ ಮೇಲೆ ಕಾಣುವ 48 ವೋಲ್ಟಿನ ಗುಂಡಿ, ಎಂದರೆ ಮೈಕಿನ ತಂತಿಯಲ್ಲಿಯೇ ಮೈಕಿಗೆ ಬೇಕಾದ ವಿದ್ಯುತ್ತನ್ನು ಕಳುಹಿಸುವ ಫ್ಯಾಂಟಮ್ ಪವರ್, 1966ರಲ್ಲಿ ಜರ್ಮನಿಯ ನಾಯ್‌ಮನ್ ಸಂಸ್ಥೆಯು ನಾರ್ವೆಯ ಬಾನುಲಿಗಾಗಿ ಮಾಡಿಕೊಟ್ಟ ಏರ್ಪಾಡು; ಅಲ್ಲಿನ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟು ಮೊದಲೇ ಇದ್ದುದೇ ಆ ಸಂಖ್ಯೆಯ ಮೂಲ.

ನಿಸರ್ಗವು ಹಾಕಿದ ಎಲ್ಲೆ

ವರ್ಧಕವು ಹಾಡನ್ನು ಹೆಚ್ಚಿಸುವಾಗ ತನ್ನದೇ ಆದ ಒಂದು ಸರ್ರೆಂಬ ಸದ್ದನ್ನೂ ಅದರೊಡನೆ ಸೇರಿಸುತ್ತದೆ. ಇದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದೆಂಬುದು ನಿಜ; ಆದರೆ ಇದನ್ನು ಸೊನ್ನೆಗೆ ಇಳಿಸುವುದು ಎಷ್ಟು ಹಣ ಸುರಿದರೂ ಸಾಧ್ಯವಿಲ್ಲ. ಯಾವ ವಾಹಕದಲ್ಲಿಯೂ ಉಷ್ಣದಿಂದ ಇಲೆಕ್ಟ್ರಾನುಗಳು ಅಲುಗುತ್ತಿರುವುದರಿಂದ, 150 ಓಮ್ ನಿರೋಧವುಳ್ಳ ಮೈಕಿನ ಸುರುಳಿಯು ಸುಮ್ಮನಿರುವಾಗಲೂ 0.22 ಮೈಕ್ರೋವೋಲ್ಟಿನಷ್ಟು ಸದ್ದನ್ನು ತಾನೇ ಹುಟ್ಟಿಸುತ್ತದೆ. ವಿವರಣಪತ್ರಗಳ ಭಾಷೆಯಲ್ಲಿ ಇದು ಮೈನಸ್ 131 ಡಿಬಿಯು. ಒಳ್ಳೆಯ ಪ್ರಿಆಂಪುಗಳ ಒಳಸದ್ದು ಮೈನಸ್ 127, 128ರ ಸುಮಾರಿಗೆ ಇರುತ್ತದೆಯಾದ್ದರಿಂದ, ಅದಕ್ಕಿಂತ ಅನೇಕ ಪಟ್ಟು ಬೆಲೆಯ ಉಪಕರಣವು ಈ ಬಾಬಿನಲ್ಲಿ ಗೆಲ್ಲಬಹುದಾದುದು ಮೂರು ನಾಲ್ಕು ಡೆಸಿಬೆಲ್ಲು ಮಾತ್ರ. ಕಂಡೆನ್ಸರ್ ಮೈಕಿನ ವಿಷಯದಲ್ಲಂತೂ ಮೈಕಿನೊಳಗಿನ ವಿದ್ಯುನ್ಮಂಡಲದ ಸದ್ದೇ ಇದನ್ನು ಮೀರಿಸುವುದರಿಂದ, ಪ್ರಿಆಂಪಿನ ಮೌನಕ್ಕಾಗಿ ಹಣ ತೆರುವುದರಲ್ಲಿ ಅರ್ಥವಿಲ್ಲ.

ನಿರೋಧಗಳ ಹೊಂದಾಣಿಕೆಯೂ ಗಮನಾರ್ಹ. ಮೈಕಿನ ನಿರೋಧಕ್ಕಿಂತ ಪ್ರಿಆಂಪಿನ ಪ್ರವೇಶ ನಿರೋಧವು ಐದರಿಂದ ಹತ್ತು ಪಟ್ಟಾದರೂ ಹೆಚ್ಚಿರಬೇಕು. 200 ಓಮಿನ ಮೈಕಿಗೆ 1,500ರಿಂದ 3,000 ಓಮ್ ಇದ್ದರೆ ನಿಶ್ಚಿಂತೆ. ಇದು ತೀರ ಕಡಿಮೆಯಾದರೆ ರಿಬ್ಬನ್ ಮೈಕಿನ ಮಂದ್ರವು ಸೊರಗುತ್ತದೆ.

ಚೆಂಡೆಯ ಪರೀಕ್ಷೆ

ಪಾಶ್ಚಾತ್ಯ ಗ್ರಂಥಗಳು ಹೇಳುವ ಪರೀಕ್ಷೆಗಳೆಲ್ಲ ಒಂದು ತೂಕವಾದರೆ ನಮ್ಮ ಹಿಮ್ಮೇಳವೇ ಇನ್ನೊಂದು ತೂಕ. ಒಂದೇ ಚಾಪೆಯ ಮೇಲೆ ಭಾಗವತರ ಕಂಠ, ಅವರ ಕೈಯ ತಾಳ, ಮದ್ದಳೆಯ ತುಂಬುನಾದ, ಶ್ರುತಿಪೆಟ್ಟಿಗೆಯ ಅವಿಚ್ಛಿನ್ನವಾದ ಎಳೆ ಇವೆಲ್ಲ ಸೌಮ್ಯವಾಗಿ ಸಾಗುತ್ತಿರುವಾಗ, ಏರುಪದ್ಯಕ್ಕೆ ಬಂದೊಡನೆ ಚೆಂಡೆಯ ಕೋಲು ಬೀಳುತ್ತದೆ. ಹತ್ತಿರವಿಟ್ಟ ಮೈಕಿನಲ್ಲಿ ಆ ಪೆಟ್ಟು ಕ್ಷಣಮಾತ್ರಕ್ಕೆ 120 ಡೆಸಿಬೆಲ್ಲನ್ನು ಮುಟ್ಟಿತೆಂದು ಭಾವಿಸಿದರೆ, 20 ಮಿಲಿವೋಲ್ಟು ಕೊಡುತ್ತಿದ್ದ ಕಂಡೆನ್ಸರ್ ಮೈಕು ಆಗ 400 ಮಿಲಿವೋಲ್ಟು ಕೊಡುತ್ತದೆ. ಇಂಥ ಕಡೆ ಪ್ರಿಆಂಪಿಗೆ ಬೇಕಾದುದು ವರ್ಧನೆಯಲ್ಲ, ಸಹನೆ. ಇಳಿತದಲ್ಲಿ ಸೇತುವೆಯಡಿ ಸಲೀಸಾಗಿ ನುಸುಳಿದ ದೋಣಿಯು ಉಬ್ಬರದಲ್ಲಿ ಅದೇ ಕಮಾನಿಗೆ ತಲೆ ತಾಗಿಸಿಕೊಳ್ಳುವಂತೆ, ಮೇಲೆ ಅವಕಾಶವಿಲ್ಲದ ವರ್ಧಕದಲ್ಲಿ ಪೆಟ್ಟಿನ ತುದಿಯು ಕತ್ತರಿಸಿಹೋಗಿ ಚೆಂಡೆಯ ನಾದದ ಬದಲಿಗೆ ಹರಕು ಸದ್ದೊಂದು ಉಳಿಯುತ್ತದೆ. 20 ಡೆಸಿಬೆಲ್ಲಿನಷ್ಟು ತಗ್ಗಿಸುವ ಪ್ಯಾಡ್ ಎಂಬ ಗುಂಡಿ ಇರುವ ಪ್ರಿಆಂಪನ್ನೇ ಚೆಂಡೆಗೆ ಆರಿಸತಕ್ಕದ್ದು.

ಗೇನಿನ, ಎಂದರೆ ವರ್ಧನೆಯ, ತಿರುಪನ್ನು ನಿಲ್ಲಿಸುವ ಬಗೆಯಲ್ಲಿಯೂ ಒಂದು ವಿವೇಕವುಂಟು. ಮುದ್ರಣಕ್ಕೆ ಮುನ್ನ ‘ಒಮ್ಮೆ ಬಾರಿಸಿ’ ಎಂದಾಗ ಚೆಂಡೆಯವರು ಬಾರಿಸುವ ಪೆಟ್ಟು ಬೇರೆ, ಪದ್ಯವು ಕಾವು ಏರಿ, ಭಾಗವತರ ಕಂಠವು ತಾರಕ್ಕೆ ಮುಟ್ಟಿದಾಗ ಅವರ ಕೈಯಿಂದ ತಾನಾಗಿ ಬರುವ ಪೆಟ್ಟು ಬೇರೆ. ಆದುದರಿಂದ ಪರೀಕ್ಷೆಯ ಪೆಟ್ಟಿಗೆ ಸರಿಯಾಗಿ ತಿರುಪನ್ನು ನಿಲ್ಲಿಸಿ, ಅಲ್ಲಿಂದ ಹತ್ತು ಡೆಸಿಬೆಲ್ಲಾದರೂ ಹಿಂದಕ್ಕೆ ತಿರುಗಿಸಬೇಕು. 24 ಬಿಟ್ಟಿನ ಇಂದಿನ ಮುದ್ರಣದಲ್ಲಿ ಹೀಗೆ ತಗ್ಗಿಸುವುದರಿಂದ ನಷ್ಟವೇನೂ ಇಲ್ಲ. 80 ಹರ್ಟ್ಸಿನ ಕೆಳಗಿನದನ್ನು ಸೋಸುವ ಗುಂಡಿಯನ್ನು ಭಾಗವತರ ಮೈಕಿಗೆ ಒತ್ತಿದರೆ ಫ್ಯಾನಿನ ಗಾಳಿಯೂ ದೂರದ ಕಡಲ ಮೊರೆತವೂ ತಗ್ಗುತ್ತವೆ. ಮದ್ದಳೆಯ ಮೈಕಿಗೆ ಒತ್ತುವ ಮುನ್ನ ಮಾತ್ರ ಎರಡು ಸಲ ಕೇಳಿ ನೋಡಬೇಕು, ಏಕೆಂದರೆ ಅದರ ತುಂಬುನಾದದ ಬುಡವು ಆ ಕೆಳಗಿನ ಸೀಮೆಗೆ ಸಮೀಪವಾಗಿದೆ.

ವರ್ಣದ ವ್ಯಾಮೋಹ

ಪ್ರಿಆಂಪುಗಳಲ್ಲಿ ಸ್ಥೂಲವಾಗಿ ಎರಡು ಪಂಗಡಗಳು. 1970ರಲ್ಲಿ ಇಂಗ್ಲೆಂಡಿನ ರೂಪರ್ಟ್ ನೀವ್ ಅವರು ರೂಪಿಸಿದ 1073 ಎಂಬ ಉಪಕರಣ, ಅಮೆರಿಕದ ಎಪಿಐ ಸಂಸ್ಥೆಯವು, ಜರ್ಮನ್ ಬಾನುಲಿಗಳಲ್ಲಿ ದುಡಿದ ವಿ72 ಎಂಬ ಕೊಳವೆಯ ವರ್ಧಕ, ಇವೆಲ್ಲ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯುವ ದನಿಗೆ ತಮ್ಮದೊಂದು ಛಾಯೆಯನ್ನು ಕೊಡುತ್ತವೆ. ಗ್ರೇಸ್ ಡಿಸೈನ್, ಮಿಲೆನಿಯಾ ಮೊದಲಾದವು ಬಂದ ದನಿಯನ್ನು ಬಂದಂತೆಯೇ ಒಪ್ಪಿಸಲು ಯತ್ನಿಸುತ್ತವೆ. ಜನಪ್ರಿಯ ಗೀತೆಗಳನ್ನು ಮುದ್ರಿಸುವವರಿಗೆ ಮೊದಲ ಪಂಗಡದ ಛಾಯೆಯು ಪ್ರಿಯವಾಗಬಹುದು. ಅದು ದೋಷವಲ್ಲ, ಅಭಿರುಚಿ. ಆದರೆ ಪರಂಪರೆಯ ದಾಖಲೆಗೆಂದು ಹೊರಟವನಿಗೆ ಎರಡನೆಯ ಪಂಗಡದ ಪ್ರಾಮಾಣಿಕತೆಯೇ ಶ್ರೇಯಸ್ಕರವೆಂದು ನನ್ನ ದೃಢವಾದ ಮತ. ಛಾಯೆಯನ್ನು ಬೇಕಾದಾಗ ಮುಂದೆ ಸೇರಿಸಬಹುದು. ಒಮ್ಮೆ ಸೇರಿಹೋದುದನ್ನು ಬೇರ್ಪಡಿಸಲಾಗದು.

ಕರಾವಳಿಯ ಕಷ್ಟಗಳು

ಟ್ರಾನ್ಸ್‌ಫಾರ್ಮರಿನ ಪರವಾಗಿ ನಮ್ಮ ಊರುಗಳಲ್ಲಿ ಹೇಳಬಹುದಾದ ಒಂದು ಮಾತು ಉಂಟು. ಅರ್ಥಿಂಗ್ ನೆಟ್ಟಗಿಲ್ಲದ ಮನೆಗಳಲ್ಲಿ 50 ಹರ್ಟ್ಸಿನ ಗುಂಯ್‌ಗುಡುವಿಕೆಯು ಮುದ್ರಣದೊಳಕ್ಕೆ ನುಸುಳುತ್ತದೆ. ಪ್ರವೇಶದಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೆ ಎರಡು ಯಂತ್ರಗಳ ನಡುವೆ ನೇರವಾದ ವಿದ್ಯುತ್ ಸಂಪರ್ಕವಿರದೆ ಆ ಪೀಡೆಯು ತಗ್ಗುತ್ತದೆ. ಆದರೂ ಮೊದಲ ಚಿಕಿತ್ಸೆಯು ಅರ್ಥಿಂಗಿಗೇ ಆಗಬೇಕು. ಕಡಲ ಗಾಳಿಯ ಉಪ್ಪಿನಿಂದ ಜ್ಯಾಕುಗಳಿಗೆ ಕಿಲುಬು ಹತ್ತುವುದು, ಗೇನಿನ ತಿರುಪು ಕರಕರವೆನ್ನುವುದು, ತೇವದಿಂದ ಕಂಡೆನ್ಸರ್ ಮೈಕು ಚಟಪಟಿಸುವುದು ಇಲ್ಲಿ ಸಾಮಾನ್ಯವಾದುದರಿಂದ, ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನೊಡನೆ ಉಪಕರಣಗಳನ್ನು ಇಡುವ ಅಭ್ಯಾಸವು ಬೇಕು. ಊರಿನ ಸಮೀಪದಲ್ಲಿ ದುರಸ್ತಿ ಮಾಡಬಲ್ಲವರುಂಟೇ ಎಂಬುದೂ ಆಯ್ಕೆಯ ಒಂದು ಮಾನದಂಡವಾಗಬೇಕು.

ಇದರ ಮೇಲೆ ಋತುಮಾನದ ತೊಡಕು. ಮೇಳಗಳ ತಿರುಗಾಟವು ನವೆಂಬರಿನ ಸುಮಾರಿಗೆ ತೊಡಗಿ ಮೇ ತಿಂಗಳವರೆಗೆ ಸಾಗುವುದರಿಂದ ಕಲಾವಿದರಿಗೆ ಬಿಡುವಾಗುವುದು ಮಳೆಗಾಲದಲ್ಲಿ. ಹಂಚಿನ ಮಾಡಿನ ಮೇಲೆ ಮಳೆ ಸುರಿಯುವುದೂ ಸಿಡಿಲಿನ ಭಯವೂ ವಿದ್ಯುತ್ತು ಏರಿಳಿಯುವುದೂ ಅದೇ ಕಾಲದಲ್ಲಿ. ಬ್ಯಾಟರಿಯ ಮೇಲೆ ನಡೆಯಬಲ್ಲ ಉಪಕರಣವಿದ್ದರೆ ಸಿಡಿಲು ಕಂಡಾಗ ಪ್ಲಗ್ಗು ಕಿತ್ತು ಕೆಲಸವನ್ನು ಮುಂದುವರಿಸಬಹುದು. ಮಳೆಯ ಸದ್ದನ್ನು ಮಾತ್ರ ಯಾವ ಪ್ರಿಆಂಪೂ ತಡೆಯದು. ಅದಕ್ಕೆ ಕೋಣೆಯನ್ನೇ ಸಿದ್ಧಪಡಿಸಬೇಕು. ಹಣವನ್ನು ಹಂಚುವ ಕ್ರಮವೂ ಇದರಿಂದಲೇ ತಿಳಿಯುತ್ತದೆ: ಮೊದಲು ಕೋಣೆ, ಬಳಿಕ ಮೈಕು, ಅನಂತರ ಪ್ರಿಆಂಪ್.

ಕಿವಿಯ ತೀರ್ಪು

ಕೊಳ್ಳುವ ಮುನ್ನ ಎರಡು ಉಪಕರಣಗಳನ್ನು ಹೋಲಿಸುವವರು ಒಂದು ನಿಯಮವನ್ನು ಮರೆಯಬಾರದು. ಒಂದಿಷ್ಟು ಗಟ್ಟಿಯಾಗಿ ಕೇಳಿಸಿದುದನ್ನೇ ಉತ್ತಮವೆಂದು ಬಗೆಯುವುದು ಕಿವಿಯ ಸ್ವಭಾವ. ಆದುದರಿಂದ ಸ್ಥಿರವಾದ ಒಂದು ಸ್ವರವನ್ನು ಎರಡರಲ್ಲಿಯೂ ಹಾಯಿಸಿ, ಮೀಟರು ನೋಡಿ ಮಟ್ಟವನ್ನು ಸಮಗೊಳಿಸಿ, ಅನಂತರ ಒಬ್ಬರೇ ಭಾಗವತರ ಒಂದೇ ಪದ್ಯವನ್ನು ಮುದ್ರಿಸಿ, ಯಾವುದು ಯಾವುದೆಂದು ತಿಳಿಯದವರಿಂದ ಕೇಳಿಸಬೇಕು. ಹೀಗೆ ಕೇಳಿದಾಗ ವ್ಯತ್ಯಾಸವು ಕಾಣದೆ ಹೋದರೆ ಕಡಿಮೆ ಬೆಲೆಯದನ್ನು ಕೊಂಡು, ಉಳಿದ ಹಣದಿಂದ ಕಲಾವಿದರಿಗೆ ಗೌರವಧನವನ್ನು ಕೊಡುವುದು ಧರ್ಮ.

ಮೊದಲ ಮೆಟ್ಟಿಲಿನಲ್ಲಿ ಕಳೆದುಹೋದುದು ಮತ್ತೆ ದೊರೆಯದೆಂಬುದೇ ಈ ಎಲ್ಲ ಎಚ್ಚರಿಕೆಗೂ ಕಾರಣ. ಭಾಗವತರಾದ ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ತರುಣರಾಗಿರುವಾಗಲೇ ಅಗಲಿದಾಗ, ಅವರ ಕಂಠವು ನಮಗೆ ಉಳಿದುದು ಕ್ಯಾಸೆಟ್ಟುಗಳಲ್ಲಿ; ಆಟದ ಗದ್ದಲದ ನಡುವೆ ಮುದ್ರಿತವಾದ ಅಂದಿನ ಕ್ಯಾಸೆಟ್ಟುಗಳನ್ನು ಕೇಳಿದವರಿಗೆ, ತಾರಸ್ಥಾಯಿಯಲ್ಲಿ ದನಿಯು ಒಡೆಯುವಾಗ ಆಗುವ ಸಂಕಟವು ಗೊತ್ತು. ಅದೇ 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ನಮ್ಮವರಾದ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ ಉಜಿರೆಯ ಸೀಮೆಯಲ್ಲಿ ಗೋಪಾಲ ನಾಯ್ಕರಿಂದ ಹಾಡಿಸಿ ದಾಖಲಿಸಿದ ತುಳುವಿನ ಸಿರಿ ಮಹಾಕಾವ್ಯವು 15,683 ಸಾಲುಗಳಾಗಿ 1998ರಲ್ಲಿ ಅಚ್ಚಾಯಿತು. ಪ್ರತಿಯೊಂದು ಪದವೂ ತಿಳಿಯುವಂತೆ ಮುದ್ರಿಸಿಕೊಂಡಿರದಿದ್ದರೆ ಅಷ್ಟು ಸಾಲುಗಳನ್ನು ಬರಹಕ್ಕೆ ಇಳಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಶಿರೂರಿನಿಂದ ಬ್ರಹ್ಮಾವರದವರೆಗೆ ಇಂದಿಗೂ ಹಳೆಯ ಮಟ್ಟುಗಳನ್ನು ಬಲ್ಲ ಹಿರಿಯ ಭಾಗವತರಿದ್ದಾರೆ, ನವರಾತ್ರಿಯ ಹೂವಿನಕೋಲಿನ ಪದ್ಯಗಳನ್ನು ಬಾಯಲ್ಲಿಟ್ಟುಕೊಂಡ ಅಜ್ಜಂದಿರಿದ್ದಾರೆ. ಅವರನ್ನು ಎರಡನೆಯ ಸಲ ಕೂರಿಸಿ ಹಾಡಿಸುವ ಅವಕಾಶವು ಒದಗೀತೆಂಬ ಭರವಸೆಯಿಲ್ಲ. ಸರ್ರೆನ್ನದ, ಹರಿಯದ, ತನ್ನ ಬಣ್ಣವನ್ನು ಹೇರದ ಒಂದು ಸಾಧಾರಣ ಪ್ರಿಆಂಪನ್ನು ಕೊಂಡು, ಅದರ ಗುಣಾವಗುಣಗಳನ್ನು ಪೂರ್ತಿಯಾಗಿ ಅರಿತುಕೊಂಡು, ಬರುವ ಮಳೆಗಾಲದಲ್ಲಿಯೇ ಅವರ ಮನೆಯ ಚಾವಡಿಗೆ ಹೋಗುವುದು, ಉತ್ಕೃಷ್ಟವಾದುದು ಕೈಗೆಟಕುವವರೆಗೆ ಕಾಯುವುದಕ್ಕಿಂತ ಎಷ್ಟೋ ಮೇಲು.