ತಂಬಿಗೆಯ ಹಾಲೂ ಸೂಲಿನ ಲೆಕ್ಕವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಸಂತೆಗಳಲ್ಲಿ ಎಮ್ಮೆಯನ್ನು ಕೊಳ್ಳುವವನು ಮೊದಲು ಕೇಳುವದು, ಹೊತ್ತಿಗೆ ಎಷ್ಟು ಹಾಲು ಎಂದು. ಅದು ಎಷ್ಟು ತಿಂಗಳಿಗೊಮ್ಮೆ ಈಯುವದೆಂದು ಕೇಳುವವರು ವಿರಳ. ಆದರೆ ಹಯನದ ಲಾಭನಷ್ಟಗಳು ಈ ಎರಡನೆಯ ಪ್ರಶ್ನೆಯಲ್ಲಿಯೇ ಅಡಗಿರುವವೆಂಬದನ್ನು ನಮ್ಮ ವಾಚಕರು ಮನಗಾಣಬೇಕು.

ಒಂದು ಎಮ್ಮೆಯು ದಿನಕ್ಕೆ 6 ಲೀಟರಿನಂತೆ 240 ದಿನ ಹಾಲು ಕೊಟ್ಟು, 24 ತಿಂಗಳಿಗೊಮ್ಮೆ ಈಯುವದೆಂದು ಭಾವಿಸೋಣ. ಒಟ್ಟು ಹಾಲು 1,440 ಲೀಟರು. ತಿಂಗಳಿಗೆ ಬಿದ್ದದ್ದು 60. ಇನ್ನೊಂದು ಎಮ್ಮೆಯು ದಿನಕ್ಕೆ 4 ಲೀಟರಿನಂತೆ 270 ದಿನ ಹಾಲು ಕೊಟ್ಟು 14 ತಿಂಗಳಿಗೊಮ್ಮೆ ಈದರೆ, ಒಟ್ಟು 1,080 ಲೀಟರು, ತಿಂಗಳಿಗೆ 77. ಸಣ್ಣ ತಂಬಿಗೆಯೇ ಗೆದ್ದಿತು! ದೊಡ್ಡ ತಂಬಿಗೆಯ ಎಮ್ಮೆಯಾದರೋ 16 ತಿಂಗಳು ಬತ್ತಿ ನಿಂತು ಮೇವು ತಿಂದಿತು.

ಎಮ್ಮೆಯ ಗರ್ಭಾವಧಿಯು ಸುಮಾರು 310 ದಿನ. 14 ತಿಂಗಳಿಗೆ ಮರಳಿ ಈಯಬೇಕಾದರೆ ಈದ ನಾಲ್ಕು ತಿಂಗಳೊಳಗಾಗಿ ಅದು ಗಬ್ಬ ಕಟ್ಟಬೇಕು. ಬೆದೆಯು ಸುಮಾರು 21 ದಿನಗಳಿಗೊಮ್ಮೆ ಬರುವದು. ಒಂದು ತಪ್ಪಿದರೆ ಮೂರು ವಾರದ ಮೇವು ವ್ಯರ್ಥ. ಆಕಳಂತೆ ಎಮ್ಮೆಯು ತನ್ನ ಬೆದೆಯನ್ನು ಸ್ಪಷ್ಟವಾಗಿ ತೋರಗೊಡುವದಿಲ್ಲ. ತೋರಿದರೂ ಬಹುಮಟ್ಟಿಗೆ ರಾತ್ರಿ ಇಲ್ಲವೆ ನಸುಕಿನಲ್ಲಿ. ಕರಿಯ ಚರ್ಮ, ವಿರಳವಾದ ಬೆವರಿನ ಗ್ರಂಥಿಗಳು, ಇವುಗಳಿಂದ ಬಿಸಿಲು ಅದಕ್ಕೆ ದುಸ್ಸಹ. ಉಷ್ಣಮಾನವು 40 ಅಂಶ ದಾಟುವ ಈ ಸೀಮೆಯಲ್ಲಿ ಚೈತ್ರ ವೈಶಾಖಗಳಲ್ಲಿ ಬೆದೆಯೇ ಅಡಗಿಹೋಗುವದುಂಟು. ಒಣ ಕಣಿಕಿಯೊಂದನ್ನೇ ತಿಂದ ದನಕ್ಕೆ ಲವಣಾಂಶಗಳ ಕೊರತೆಯೂ ಕೂಡುವದು. ಗೊಡ್ಡೆಂದು ಸಂತೆಗೆ ಹೊಡೆಯಲ್ಪಡುವ ಎಷ್ಟೋ ಎಮ್ಮೆಗಳು ಗೊಡ್ಡಲ್ಲ, ಹಸಿದವು.

ಮರುಭೂಮಿಯ ಒಂಟೆಯು ಸುಮಾರು 13 ತಿಂಗಳು ಗರ್ಭ ಧರಿಸಿ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮರಿ ಹಾಕುವದು, ಅದು ಸೃಷ್ಟಿನಿಯಮ. ನಮ್ಮ ಎಮ್ಮೆಯು ಒಂಟೆಯಂತೆ ಎರಡು ವರ್ಷ ಕಾಯುವದು ಸೃಷ್ಟಿನಿಯಮವಲ್ಲ, ಅಲಕ್ಷ್ಯದ ಫಲ. ನೆರೆಯ ಸೊಲ್ಲಾಪುರ ಸೀಮೆಯ ಪಂಢರಪುರಿ ಎಮ್ಮೆಯು ತಪ್ಪದೆ ಈಯುವದಕ್ಕೆ ಹೆಸರಾದದ್ದು. ನಮ್ಮದೇ ಆದ ಧಾರವಾಡಿ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮನ್ನಣೆ ದೊರೆತಿದೆ. ದೊಡ್ಡ ತಂಬಿಗೆಯ ಆಸೆಯಿಂದ ದೂರದ ಮುರ್ರಾ ಎಮ್ಮೆಗಾಗಿ ಸಾಲ ಮಾಡುವ ರೈತನು ಮೊದಲು ಇವುಗಳ ಕಡೆಗೆ ನೋಡಲಿ.

ರಾಜ್ಯ ಸರಕಾರವು ಹಾಲು ಉತ್ಪಾದಕರಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವನ್ನು ಗೊತ್ತುಮಾಡಿದೆ. ಸ್ತುತ್ಯವೇ ಸರಿ, ಆದರೆ ಇದೂ ತಂಬಿಗೆಯ ಲೆಕ್ಕ. ಬತ್ತಿದ ಎಮ್ಮೆಯ ಮನೆಗೆ ಅದು ತಲುಪುವದಿಲ್ಲ. ದನಗಳ ಕಿವಿಗೆ 12 ಅಂಕಿಗಳ ಬಿಲ್ಲೆಯನ್ನು ಹಾಕುವ ಪದ್ಧತಿ ಈಗಾಗಲೆ ಬಂದಿದೆ. ಆ ಅಂಕಿಯ ಮುಂದೆ ಈದ ದಿನ, ಬೆದೆಯ ದಿನ, ಗಬ್ಬದ ದಿನಗಳನ್ನು ಬರೆಯುವ ವಹಿಯೊಂದನ್ನು ಪ್ರತಿ ಹಾಲಿನ ಸಂಘವೂ ಇಡಲಿ. ಮೂರು ತಿಂಗಳು ಕಳೆದರೂ ಗಬ್ಬ ಕಟ್ಟದ ದನವನ್ನು ಪಶುವೈದ್ಯರು ತಾವಾಗಿ ಹೋಗಿ ಪರೀಕ್ಷಿಸಲಿ. ರೈತರು ನಸುಕಿನಲ್ಲಿ ಎದ್ದು ಕೊಟ್ಟಿಗೆಯನ್ನು ನೋಡುವದು, ಬೇಸಗೆಯಲ್ಲಿ ನೀರು ಎರಚುವದು, ಮೇವಿನೊಡನೆ ಲವಣಮಿಶ್ರಣ ಕೊಡುವದು, ಇಷ್ಟನ್ನಾದರೂ ನಡೆಸಲಿ.

ಸೆಗಣಿ ಬಳಿದು, ನೀರು ಹೊತ್ತು ದನ ಸಾಕುವವಳು ಬಹುತೇಕ ಮನೆಯ ಹೆಣ್ಣುಮಗಳು. ಬತ್ತಿದ 16 ತಿಂಗಳಲ್ಲಿ ಆಕೆಯ ದುಡಿಮೆಗೆ ಒಂದು ಕಾಸೂ ಹುಟ್ಟುವದಿಲ್ಲ. ಈ ನಾಲ್ಕು ತಾಲೂಕುಗಳ ಅಧಿಕಾರಿಗಳು ಬರುವ ಬೇಸಗೆಗೆ ಮುಂಚೆಯೇ ಆ ವಹಿಯನ್ನು ತೆರೆಯಿಸುವರೆಂದು ನಾವು ಆಶಿಸುತ್ತೇವೆ.