ಚಾವಿ ಕೊಟ್ಟವರಿಗೂ ಶಿಕ್ಷೆ

ಬೀದರಿನಿಂದ ಭಾಲ್ಕಿಯ ಮದುವೆಗೆ ಹೊರಟ ಗೆಳೆಯರ ಗುಂಪಿರಲಿ, ಔರಾದಿನಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಕೆಲಸ ಮುಗಿಸಿ ಸಂಜೆ ಬಾರಿನಲ್ಲಿ ಕೂತೆದ್ದವರಿರಲಿ, ಮರಳಿ ಮನೆ ಸೇರಲು ಸುಮಾರು 40 ಕಿಲೋಮೀಟರ್ ದಾರಿ ಸವೆಸಬೇಕು. ಹೊತ್ತು ಮೀರಿದರೆ ಬಸ್ಸು ಸಿಗುವುದು ಕಷ್ಟ. ಬೈಕೋ, ಬಾಡಿಗೆಯ ಕ್ರೂಸರೋ ಬಾಗಿಲಲ್ಲಿ ನಿಂತಿರುತ್ತದೆ. ಆಗ ಏಳುವ ಪ್ರಶ್ನೆ, ‘ಗಾಡಿ ಯಾರು ಹೊಡಿತಾರ?’

ಸಾಮಾನ್ಯವಾಗಿ ಬರುವ ಉತ್ತರ ಎರಡು. ‘ಅವ ಭಾಳ ಕುಡಿದಿಲ್ಲ, ಅವನೇ ಹೊಡೀಲಿ’ ಎಂಬುದು ಒಂದು. ‘ಈ ಹುಡುಗ ಕುಡಿಯಂಗಿಲ್ಲ, ಇವನ ಕೈಯಾಗ ಚಾವಿ ಕೊಡ್ರಿ’ ಎಂಬುದು ಇನ್ನೊಂದು. ಕಾನೂನಿನ ದೃಷ್ಟಿಯಲ್ಲಿ ಎರಡೂ ಉತ್ತರಗಳು ತಪ್ಪಾಗಬಹುದು. ಹೇಗೆಂಬುದನ್ನು ನೋಡೋಣ.

ಕುಡಿದು ವಾಹನ ಓಡಿಸುವುದು ಅಪರಾಧ ಎಂಬ ಕಲ್ಪನೆ ಮೋಟಾರು ಗಾಡಿಯಷ್ಟೇ ಹಳೆಯದು. 1897ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾಡಿಗೆ ಗಾಡಿಯ ಚಾಲಕ ಜಾರ್ಜ್ ಸ್ಮಿತ್ ಎಂಬಾತ ಕುಡಿದ ಮತ್ತಿನಲ್ಲಿ ಕಟ್ಟಡವೊಂದಕ್ಕೆ ಗಾಡಿ ಗುದ್ದಿಸಿ ದಂಡ ತೆತ್ತ. ಆದರೆ ಎಷ್ಟು ಕುಡಿದರೆ ಅಪರಾಧ? ಅದನ್ನು ಅಳೆಯುವ ಬಗೆ ಹೇಗೆ? ರಕ್ತದಲ್ಲಿನ ಮದ್ಯಸಾರದ ಮಿತಿಯನ್ನು 1936ರಲ್ಲಿ ನಾರ್ವೆ ದೇಶ ಮೊದಲಿಗೆ ಕಾನೂನಿನಲ್ಲಿ ಬರೆಯಿತು. ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಉಸಿರಿನಿಂದಲೇ ಅದನ್ನು ಅಳೆಯುವ ಯಂತ್ರ ರೂಪಿಸಿದರು.

ನಮ್ಮಲ್ಲಿ ಈಗ ಜಾರಿಯಲ್ಲಿರುವುದು 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 1994ರ ತಿದ್ದುಪಡಿಯ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರಕೂಡದು. ಬೈಕ್, ಟಂಟಂ, ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಎಲ್ಲಕ್ಕೂ ಮಿತಿ ಒಂದೇ. 2019ರ ಸೆಪ್ಟೆಂಬರ್ 1ರಿಂದ ಮೊದಲ ಸಲದ ತಪ್ಪಿಗೆ 6 ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ ಉಂಟು. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸೆರೆವಾಸ, 15,000 ರೂಪಾಯಿ ದಂಡ ಅಥವಾ ಎರಡೂ. ಪೊಲೀಸರು ಪರವಾನಗಿಯನ್ನು ವಶಪಡಿಸಿಕೊಂಡು ಸಾರಿಗೆ ಅಧಿಕಾರಿಗೆ ಕಳುಹಿಸಬಹುದು. ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಪ್ರಕರಣ ಇದಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.

ಈಗ ‘ಭಾಳ ಕುಡಿದಿಲ್ಲ’ ಎಂಬ ಮಾತನ್ನು ಪರೀಕ್ಷಿಸೋಣ. 180 ಮಿಲಿಯ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇರುತ್ತದೆ. ಅಷ್ಟನ್ನೂ ಕುಡಿದ 60 ಕಿಲೋ ತೂಕದ ಗಂಡಸಿನ 100 ಮಿಲಿ ರಕ್ತದಲ್ಲಿ ಅಂದಾಜು 150 ಮಿಲಿಗ್ರಾಂ, ಅಂದರೆ ಮಿತಿಯ ಐದು ಪಟ್ಟು ಸೇರುತ್ತದೆ. 60 ಮಿಲಿಯ ಒಂದು ದೊಡ್ಡ ಪೆಗ್ ಕೂಡ ಅದೇ ವ್ಯಕ್ತಿಯನ್ನು ಮಿತಿ ದಾಟಿಸಬಲ್ಲದು. ತೂಕ, ಊಟ, ಕುಡಿದ ವೇಗಕ್ಕೆ ತಕ್ಕಂತೆ ಈ ಲೆಕ್ಕ ಹಿಂದುಮುಂದಾದೀತು. ಇಳಿಯುವ ವೇಗ ಮಾತ್ರ ಬಹಳ ನಿಧಾನ, ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರ ಸ್ನಾನ ಯಾವುದೂ ಅದನ್ನು ಅವಸರಪಡಿಸಲಾರದು. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವನು ಬೆಳಗಿನ 6ಕ್ಕೆ ಗಾಡಿ ಹತ್ತಿದರೂ ಮಿತಿಗಿಂತ ಮೇಲೆಯೇ ಇರಬಹುದು. ಎಲ್ಲರಿಗಿಂತ ಕಡಿಮೆ ಕುಡಿದವನು ಕುಡಿಯದವನಲ್ಲ.

ಹಾಗಾದರೆ ಕುಡಿಯದ ಹುಡುಗನೇ ಓಡಿಸಲಿ ಎನ್ನೋಣವೇ? ಅವನಿಗೆ 18 ತುಂಬಿರದಿದ್ದರೆ ಅದು ಇನ್ನೂ ದೊಡ್ಡ ಸಂಕಟ. 2019ರಲ್ಲಿ ಸೇರಿಸಿದ 199ಎ ಕಲಮಿನಂತೆ ಬಾಲಕ ವಾಹನ ಓಡಿಸಿ ಅಪರಾಧವಾದರೆ ಪಾಲಕರು ಅಥವಾ ಮಾಲೀಕರೇ ಹೊಣೆ. 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಪರವಾನಗಿ ಇಲ್ಲ.

ಅನೇಕರ ಗಮನಕ್ಕೆ ಬಾರದ ಇನ್ನೊಂದು ಕಲಂ ಇದೆ, ಅದು 188. ಕುಡಿದು ಓಡಿಸಲು ಪ್ರಚೋದನೆ ಅಥವಾ ನೆರವು ಕೊಟ್ಟವರಿಗೆ ಓಡಿಸಿದವನಷ್ಟೇ ಶಿಕ್ಷೆ ಎನ್ನುತ್ತದೆ ಅದು. ಕುಡಿದಿದ್ದಾನೆಂದು ಗೊತ್ತಿದ್ದೂ ಚಾವಿ ಕೊಟ್ಟ ಮಾಲೀಕ, ‘ಏನಾಗಂಗಿಲ್ಲ, ನಡಿ’ ಎಂದು ಹುರಿದುಂಬಿಸಿದ ಗೆಳೆಯ ಇದರ ವ್ಯಾಪ್ತಿಗೆ ಬರಬಹುದು. ಜೊತೆಗೆ ಕೂತ ಪ್ರಯಾಣಿಕರಿಗೂ ದಂಡ ವಿಧಿಸುವುದಾಗಿ ಚೆನ್ನೈ ಪೊಲೀಸರು 2022ರಲ್ಲಿ ಪ್ರಕಟಿಸಿದ್ದು ಇದೇ ಕಲಮಿನ ಬಲದಿಂದ. ಯಾರಾದರೂ ಸತ್ತರಂತೂ ಭಾರತೀಯ ನ್ಯಾಯ ಸಂಹಿತೆಯಂತೆ ನಿರ್ಲಕ್ಷ್ಯದಿಂದ ಸಾವು ತಂದದ್ದಕ್ಕೇ 5 ವರ್ಷದವರೆಗೆ ಸೆರೆವಾಸ ಉಂಟು. ತನ್ನ ವಾಹನದ ಹಾನಿಗೆ ವಿಮೆಯ ಹಣವೂ ಕೈತಪ್ಪಬಹುದು.

ದಾರಿ ಏನು? ನಮ್ಮ ಕಾಯ್ದೆ ಹುಟ್ಟಿದ 1988ರಲ್ಲೇ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆ ಒಂದು ಪ್ರಚಾರ ಆರಂಭಿಸಿತು. ಗುಂಪಿನಲ್ಲಿ ಒಬ್ಬರು ಆ ದಿನ ಹನಿಯೂ ಮುಟ್ಟದೆ ಎಲ್ಲರನ್ನೂ ಮನೆಗೆ ಮುಟ್ಟಿಸಬೇಕು ಎಂಬ ಸ್ಕ್ಯಾಂಡಿನೇವಿಯಾದ ರೂಢಿಯನ್ನು ಅದು ಎತ್ತಿಕೊಂಡಿತು. ದೂರದರ್ಶನ ಧಾರಾವಾಹಿಗಳ ಪಾತ್ರಗಳ ಬಾಯಲ್ಲೇ ಈ ಮಾತು ಆಡಿಸಿದ್ದು ಅದರ ಜಾಣತನ. ಬೆಲ್ಜಿಯಂನಲ್ಲಿ 1995ರಿಂದ ಇಂಥ ಚಾಲಕನಿಗೆ ‘ಬಾಬ್’ ಎಂದೇ ಹೆಸರು. ‘ಇವತ್ತು ಬಾಬ್ ಯಾರು?’ ಎಂದು ಕೇಳಿದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ.

ನಮಗೆ ಹೊಸ ಹೆಸರೇನೂ ಬೇಡ. ಹೊಲಕ್ಕೆ ನೀರು ಬಿಡುವಾಗ ನಾವು ‘ಪಾಳಿ’ ಹಚ್ಚುವುದಿಲ್ಲವೇ? ಇಂದು ನಿಮ್ಮದು, ನಾಳೆ ನಮ್ಮದು. ಚಾವಿಗೂ ಅದೇ ಪಾಳಿ ಸಾಕು. ನಿಯಮ ಮೂರೇ: ಪಾಳಿಯವನಿಗೆ ಪರವಾನಗಿ ಇರಬೇಕು, ಅವನು ಒಂದು ಗುಟುಕೂ ಕುಡಿಯಬಾರದು, ಅವನನ್ನು ಗೊತ್ತುಮಾಡುವುದು ಮೊದಲ ಗ್ಲಾಸು ತುಂಬುವ ಮುನ್ನವೇ ಆಗಬೇಕು. ಅಂಥವನು ಗುಂಪಿನಲ್ಲಿ ಯಾರೂ ಇಲ್ಲವಾದರೆ ಬಾಡಿಗೆಗೆ ಚಾಲಕನನ್ನು ಕರೆಯಬಹುದು, ಇಲ್ಲವೇ ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಬಸ್ಸು ಹಿಡಿಯಬಹುದು. ಮದುವೆ ಮನೆಯ ಹಿರಿಯರು ಅಡುಗೆಯವರನ್ನು, ವಾಲಗದವರನ್ನು ಗೊತ್ತುಮಾಡುವಾಗಲೇ ಚಾವಿಯ ಪಾಳಿಯನ್ನೂ ಗೊತ್ತುಮಾಡಿದರೆ, ಬಂದ ನೆಂಟರೆಲ್ಲ ಕ್ಷೇಮವಾಗಿ ಊರು ಸೇರಿಯಾರು.