ಹೊರುವುದು, ಹೆರುವುದು, ಸಹಿಸುವುದು

ರಸ್ತೆ ಅಗೆದ ಕಡೆಗಳಲ್ಲಿ ಫಲಕವೊಂದನ್ನು ನೆಟ್ಟಿರುತ್ತಾರೆ. ಕನ್ನಡದಲ್ಲಿ 'ಅಡಚಣೆಗಾಗಿ ಕ್ಷಮಿಸಿ' ಎಂದು ಬರೆಯುವ ಕಡೆ ಇಂಗ್ಲಿಷಿನಲ್ಲಿ 'ಪ್ಲೀಸ್ ಬೇರ್ ವಿತ್ ಅಸ್' ಎಂದು ಬರೆಯುವುದುಂಟು. ಕನ್ನಡದ ಫಲಕ ಕ್ಷಮೆ ಕೇಳುತ್ತದೆ. ಇಂಗ್ಲಿಷಿನದು ಕೇಳುವುದು ತಾಳ್ಮೆಯನ್ನು. ಅಕ್ಷರಶಃ ಬಿಡಿಸಿದರೆ, 'ನಮ್ಮೊಂದಿಗೆ ನೀವೂ ಸ್ವಲ್ಪ ಹೊರಿ' ಎಂದಾಗುತ್ತದೆ.

ಹೌದು, 'ಬೇರ್' ಎಂದರೆ ಮೊದಲು ಹೊರುವುದು. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ 'ಬೆರನ್'. ಹೊರು, ಹೆರು, ಸಹಿಸು ಎಂಬ ಮೂರು ಅರ್ಥಗಳೂ ಆ ಕಾಲದಿಂದಲೇ ಇದಕ್ಕಿವೆ. (ಕರಡಿ ಎಂಬ ಅರ್ಥದ 'ಬೇರ್'ಗೂ ಇದಕ್ಕೂ ನಂಟಿಲ್ಲ.) ಇಂಗ್ಲಿಷ್ ಬಾರದವರಿಗೂ ಈ ಪದದ ಮಕ್ಕಳುಮರಿಗಳು ಪರಿಚಿತ. ಯಂತ್ರದಲ್ಲಿ ತಿರುಗುವ ದಂಡದ ಭಾರ ಹೊರುವುದು ಬೇರಿಂಗ್. ಕೈಯಲ್ಲಿ ಹಿಡಿದು ತಂದವರಿಗೆ ಹಣ ಸಿಗುವುದು ಬೇರರ್ ಚೆಕ್. ತಟ್ಟೆ ಹೊತ್ತು ತರುವವನು ಹೋಟೆಲಿನ ಬೇರರ್. ಅಂಚೆಚೀಟಿ ಹಚ್ಚದೆ ಕಳಿಸಿದ, ಪಡೆಯುವವರೇ ದುಡ್ಡು ತೆರಬೇಕಾಗಿದ್ದ ಬೇರಿಂಗ್ ಕಾಗದ ಹಿರಿಯರಿಗೆ ನೆನಪಿದ್ದೀತು.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕು ಎಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಅದಕ್ಕೆ 'ಬೇರ್' ಒಳ್ಳೆಯ ಸಾಕ್ಷಿ. ಸಂಸ್ಕೃತದ 'ಭೃ' ಧಾತು ಇದರ ಸೋದರ. 'ಭಾರ' ಬಂದದ್ದು ಅಲ್ಲಿಂದ. ನಾವು 'ಖರ್ಚು ಭರಿಸು' ಎನ್ನುವಾಗ ಬಳಸುವುದೂ ಅದನ್ನೇ. ನರಳುವುದನ್ನು ಹೇಳುವ ಇಂಗ್ಲಿಷಿನ 'ಸಫರ್' ಕೂಡ ಈ ಬಳಗದ್ದೇ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ 'ಅಡಿಯಲ್ಲಿದ್ದು ಹೊರು'.

ಕುತೂಹಲದ ಸಂಗತಿಯೆಂದರೆ, ಈ ಬಳಗಕ್ಕೆ ಸೇರದ ದ್ರಾವಿಡ ಭಾಷೆಗಳೂ ಇದೇ ಹಾದಿ ಹಿಡಿದಿವೆ. ನಮ್ಮ 'ಹೊರು' ಹಳಗನ್ನಡದಲ್ಲಿ 'ಪೊಱು'. ತಮಿಳಿನಲ್ಲಿ ಅದೇ ಪದಕ್ಕೆ 'ತಾಳಿಕೋ' ಎಂಬ ಅರ್ಥ. ಅದರಿಂದಲೇ ತಾಳ್ಮೆಗೆ 'ಪೊರುಮೈ', ಹೊಣೆಗೆ 'ಪೊರುಪ್ಪು'. ಕನ್ನಡದ 'ತಾಳು' ಕೂಡ ಕಡಿಮೆಯದಲ್ಲ. ರೂಪ ತಾಳುತ್ತೇವೆ, ಜನ್ಮ ತಾಳುತ್ತೇವೆ, ನೋವನ್ನೂ ತಾಳುತ್ತೇವೆ.

ಇನ್ನು ಬಳಕೆ. ಭೂತಕಾಲದ ರೂಪದಲ್ಲಿ ಎಡವುವವರು ಬಹಳ. 'ಬಾರ್ನ್' ಎಂಬ ಒಂದೇ ಉಚ್ಚಾರಕ್ಕೆ ಎರಡು ಕಾಗುಣಿತಗಳಿವೆ. 'ಮಗು ಹುಟ್ಟಿತು' ಎನ್ನಲು ಕೊನೆಯಲ್ಲಿ 'ಇ' ಅಕ್ಷರ ಬೇಡ. ಹೊರೆ, ಖರ್ಚು, ನೋವು ಹೊತ್ತದ್ದಾದರೆ 'ಇ' ಬೇಕು. 'ಅವಳು ಮೂರು ಮಕ್ಕಳನ್ನು ಹೆತ್ತಿದ್ದಾಳೆ' ಎನ್ನುವಾಗಲೂ 'ಇ' ಬೇಕು, ಏಕೆಂದರೆ ಅಲ್ಲಿ ಹೊತ್ತವಳು ಆಕೆ. ಸಮಾನಾರ್ಥಕಗಳಲ್ಲೂ ವ್ಯತ್ಯಾಸವಿದೆ. 'ಎಂಡ್ಯೂರ್' ಎಂದರೆ ಬಹುಕಾಲ ಗಟ್ಟಿಯಾಗಿ ನಿಲ್ಲುವುದು. 'ಟಾಲರೇಟ್' ಎಂದರೆ ಇಷ್ಟವಿಲ್ಲದ್ದನ್ನು ತಡೆಯದೆ ಬಿಡುವುದು. 'ಬೇರ್' ಎಂದರೆ ಭಾರ ಹೆಗಲ ಮೇಲಿದೆ ಎಂದರ್ಥ.

ಈ ಅರ್ಥಭೇದ ನ್ಯಾಯಾಲಯವನ್ನೂ ಹತ್ತಿದೆ. 1791ರಲ್ಲಿ ಅಂಗೀಕಾರವಾದ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿ, ಜನರಿಗೆ ಆಯುಧವನ್ನು 'ಬೇರ್' ಮಾಡುವ ಹಕ್ಕಿದೆ ಎನ್ನುತ್ತದೆ. ಹಾಗೆಂದರೆ ಸೈನಿಕನಾಗಿ ಆಯುಧ ಹಿಡಿಯುವುದೇ, ಅಥವಾ ಯಾರು ಬೇಕಾದರೂ ತಮ್ಮ ರಕ್ಷಣೆಗೆ ಒಯ್ಯುವುದೇ? 2008ರ ಹೆಲ್ಲರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಎರಡನೆಯ ಅರ್ಥ ಹಿಡಿದರು. ಭಿನ್ನಮತದ ನಾಲ್ವರು ಅದನ್ನು ಸೈನಿಕ ಸೇವೆಗೆ ಸೇರಿದ ಮಾತೆಂದರು. ಒಂದು ಕ್ರಿಯಾಪದದ ಅರ್ಥದ ಮೇಲೆ ಮನೆಮನೆಯ ಬಂದೂಕಿನ ಭವಿಷ್ಯ ನಿಂತಿತ್ತು.

ನಮ್ಮಲ್ಲಿ 'ಸಹಿಸಿಕೊಂಡು ಹೋಗು' ಎಂಬ ಬುದ್ಧಿಮಾತು ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಕಿವಿಗೆ. ಸಹನೆಯೆಂದರೆ ಸುಮ್ಮನಿರುವುದು ಎಂದೇ ಹೇಳುವವರ ಭಾವನೆ. ಭಾಷೆಗಳ ಸಾಕ್ಷಿ ಬೇರೆ. ಹೊರುವುದು ಕೆಲಸ, ಅದಕ್ಕೆ ಬಲ ಬೇಕು. ಹೊತ್ತವರು ಎಲ್ಲಾದರೂ ಇಳಿಸಲೂಬೇಕು.

ತಮಿಳುನಾಡಿನ ಹಳೆಯ ದಾರಿಗಳ ಬದಿಯಲ್ಲಿ 'ಸುಮೈತಾಂಗಿ' ಎಂಬ ಕಲ್ಲುಗಳಿವೆ. ಎರಡು ಕಂಬ, ಮೇಲೊಂದು ಅಡ್ಡಗಲ್ಲು, ಆಳೆತ್ತರ. ತಲೆಹೊರೆ ಹೊತ್ತವರು ಯಾರ ನೆರವೂ ಇಲ್ಲದೆ ಅದರ ಮೇಲೆ ಗಂಟಿಳಿಸಿ ದಣಿವಾರಿಸಿಕೊಳ್ಳಬಹುದು. ಬಸಿರಿನಲ್ಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಇವನ್ನು ನಿಲ್ಲಿಸುವ ರೂಢಿಯಿತ್ತು. ಹೊತ್ತ ಭಾರವನ್ನು ಇಳಿಸಲಾಗದೆ ಹೋದವಳ ಹೆಸರಿನಲ್ಲಿ, ದಾರಿಹೋಕರ ಭಾರ ಇಳಿಸಲೊಂದು ಕಲ್ಲು.